ಆರ್ವಿಡ್ ಕಾರು ಓಡಿಸಿದ

ಲೈಸೆನ್ಸ್ ಪರೀಕ್ಷೆಯಲ್ಲಿ ಮತ್ತೊಮ್ಮೆ ಫೇಲಾಗಲು ಬಂದಿದ್ದ ಆರ್ವಿಡ್ ಲುಂಡ್‌ಗೆ, ಕಿಟಕಿಯಾಚೆಯ ಗುಮಾಸ್ತೆ ವಿಲ್ಮಾ ಕಂಪ್ಯೂಟರ್ ನೋಡಿ, ನಿನಗೆ ಹೋದ ವರ್ಷವೇ ಲೈಸೆನ್ಸ್ ಕೊಟ್ಟಾಗಿದೆಯಲ್ಲ ಎಂದಳು. ಪಕ್ಕದ ಕೌಂಟಿಯಲ್ಲಿ ಯಾರೋ ಪುಣ್ಯಾತ್ಮ ಅವನ ಹೆಸರು, ಹುಟ್ಟಿದ ದಿನ ಹೇಳಿ ಸಲೀಸಾಗಿ ಪಾಸಾಗಿ ಹೋಗಿದ್ದ.

ಆರ್ವಿಡ್‌ಗೆ ಕಾರು ಓಡಿಸಲು ಬಾರದೆಂಬುದು ನೆಬ್ರಾಸ್ಕಾದ ಆ ಪುಟ್ಟ ಊರಿಗೆಲ್ಲ ಗೊತ್ತಿದ್ದ ವಿಷಯ. ಪರೀಕ್ಷಕ ಪಕ್ಕದಲ್ಲಿ ಕೂತರೆ ಸಾಕು, ಕೈಕಾಲು ಗಡಗಡ. ಕ್ಷೌರಕ್ಕೂ ಹೆಂಡತಿ ಇಂಗ್ರಿಡ್ಡೇ ಕಾರಿನಲ್ಲಿ ಕರೆದೊಯ್ಯಬೇಕು. ಈಗ ಔಷಧಿ ಅಂಗಡಿಯವರು ವ್ಯಾನ್ ಓಡಿಸುವ ಕೆಲಸ ಕೊಡುತ್ತೇವೆಂದಿದ್ದರು. ಸಂಜೆಯೊಳಗೆ ಲೈಸೆನ್ಸ್ ತೋರಿಸದಿದ್ದರೆ ಅದೂ ಬೇರೆಯವರ ಪಾಲು.

ಆ ಲೈಸೆನ್ಸಿನ ಫೋಟೋದಲ್ಲಿದ್ದವನಿಗೆ ಎದೆಯವರೆಗೆ ಗಡ್ಡ. ಬೋಳಿಸಿಕೊಂಡಿರಬಹುದು ಎಂದಳು ವಿಲ್ಮಾ. ಸಾಲಿನಲ್ಲಿದ್ದ ಪಕ್ಕದ ಮನೆಯ ನಾರ್ಮಾ ಕನ್ನಡಕ ಏರಿಸಿ ಇಣುಕಿದಳು.

"ಮೂಗು ನಿಂದೇ ಕಣೋ. ಸುಮ್ನೆ ಇಸ್ಕೊಂಡು ಹೋಗು."

"ಯಾರೋ ಪಾಸಾಗಿದ್ದು ನಂಗ್ಯಾಕೆ? ನಾನೇ ಓಡ್ಸಿ ತಗೋತೀನಿ."

ಗಲಾಟೆ ಕೇಳಿ ಒಳಗಿನಿಂದ ಬಂದ ಮೇಲಧಿಕಾರಿ ಗ್ರಾಂಥಮ್ ಬಲು ಬುದ್ಧಿವಂತ. "ಈ ಲೈಸೆನ್ಸಿನವನಿಗೆ ಓಡ್ಸೋಕೆ ಬರುತ್ತೆ. ನಿಂಗೆ ಬರಲ್ಲ ಅಂತ ತೋರ್ಸು, ಇದನ್ನ ಈಗ್ಲೇ ರದ್ದು ಮಾಡ್ತೀನಿ. ಆಮೇಲೆ ನಿನ್ನ ಪರೀಕ್ಷೆ" ಎಂದ.

ಇಷ್ಟೇನಾ! ಫೇಲಾಗುವುದು ಆರ್ವಿಡ್‌ಗೆ ನೀರು ಕುಡಿದಷ್ಟು ಸುಲಭ. ಹೊರಗೆ ಕಾಯುತ್ತಿದ್ದ ಇಂಗ್ರಿಡ್‌ಳ ಕಾರನ್ನು ನಿರಾಳವಾಗಿ ಹತ್ತಿದ; ಗ್ರಾಂಥಮ್ ಪಕ್ಕದಲ್ಲಿ ಕೂತ. ಪಾಸಾಗಬೇಕೆಂಬ ಭಯವೇ ಇಲ್ಲದ್ದರಿಂದ ಕೈ ನಡುಗಲಿಲ್ಲ. ಅಡ್ಡರಸ್ತೆಯಲ್ಲಿ ಚೊಕ್ಕವಾಗಿ ನಿಲ್ಲಿಸಿದ, ಶಾಲಾ ಬಸ್ಸಿಗೆ ದಾರಿ ಬಿಟ್ಟ. ಓಡಿಸುವ ಖುಷಿಯಲ್ಲಿ ಫೇಲಾಗುವುದೇ ಮರೆತುಹೋಯಿತು. ಕೊನೆಗೆ, ಬದುಕಿಡೀ ಅವನನ್ನು ಗೋಳು ಹೊಯ್ದುಕೊಂಡಿದ್ದ ಪಾರ್ಕಿಂಗ್ ಪರೀಕ್ಷೆಯ ಆ ಎರಡು ಕಿತ್ತಳೆ ಕಂಬಗಳ ನಡುವೆ, ಓವನ್ನಿನೊಳಗೆ ತಟ್ಟೆ ಸರಿಸಿದಂತೆ ಕಾರನ್ನು ಹಿಮ್ಮುಖವಾಗಿ ಸೇರಿಸಿಬಿಟ್ಟ.

ಮೆಟ್ಟಿಲ ಮೇಲೆ ನೆರೆದಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾರ್ಮಾ ಶಿಳ್ಳೆ ಹಾಕಿದಳು. ಇಂಗ್ರಿಡ್ ಅತ್ತೇಬಿಟ್ಟಳು.

"ನೋಡಿದ್ಯೇನೆ, ಓಡಿಸ್ಬಿಟ್ಟೆ!" ಎಂದ ಆರ್ವಿಡ್. ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

ಗ್ರಾಂಥಮ್ ಕೈ ಕುಲುಕಿದ. "ಸೊಗಸಾಗಿ ಓಡಿಸ್ತೀಯಪ್ಪ. ಅಂದ್ರೆ ಈ ಲೈಸೆನ್ಸ್ ನಿಂದೇ, ಅನುಮಾನವೇ ಇಲ್ಲ. ಹಾಗಾದ್ರೆ ಇದೇ ಲೈಸೆನ್ಸ್ ಇಟ್ಕೊಂಡು ಹೋದ ತಿಂಗಳು ಕುಡಿದು ಬ್ಯಾಂಕಿನ ಗೋಡೆಗೆ ಗುದ್ದಿದ್ದೂ ನೀನೇ. ಎರಡು ವರ್ಷ ಸ್ಟೀರಿಂಗ್ ಮುಟ್ಟೋ ಹಾಗಿಲ್ಲ."

ವ್ಯಾನಿನ ಕೆಲಸ ಹೋಯಿತು. ಇಂಗ್ರಿಡ್ ಸ್ಟೀರಿಂಗ್ ಹಿಡಿದಳು. ಪಕ್ಕದ ಸೀಟಿನಲ್ಲಿ ಎದೆಯುಬ್ಬಿಸಿ ಕೂತ ಆರ್ವಿಡ್, ಕಾರು ಓಡಿಸುವುದು ಹೇಗೆಂದು ಮನೆ ತಲುಪುವವರೆಗೂ ಅವಳಿಗೆ ಹೇಳಿಕೊಡುತ್ತಲೇ ಇದ್ದ.