ಹೆಂಡತಿಯ ಯೂನಿವರ್ಸಿಟಿ, ನನ್ನ ಹೊಟ್ಟೆಯುರಿ

ಒಂದೇ ಮನೆಯಲ್ಲಿ ಒಬ್ಬರಿಗೆ ಒಳ್ಳೆಯ ನೌಕರಿ, ಇನ್ನೊಬ್ಬರಿಗೆ ಬರೀ ನೌಕರಿ ಇದ್ದರೆ ಇಂಥದ್ದು ದಿನಾ ನಡೆಯುತ್ತದೆ. ಒಳ್ಳೆಯದು ನನ್ನ ಹೆಂಡತಿಯದು, ನವಿ ಮುಂಬಯಿಯ ಒಂದು ಯೂನಿವರ್ಸಿಟಿಯ ಲೈಬ್ರರಿಯಲ್ಲಿ. ಬರೀ ನೌಕರಿ ನನ್ನದು, ಠಾಣೆಯ ಖಾಸಗಿ ಆಫೀಸೊಂದರಲ್ಲಿ. ಮನೆ ಡೊಂಬಿವಲಿಯಲ್ಲಿ. ಇಷ್ಟನ್ನು ಮೊದಲೇ ಹೇಳದಿದ್ದರೆ ಮುಂದೆ ನಿಮಗೆ ನಗು ಬರಲಿಕ್ಕಿಲ್ಲ ಎಂಬ ಭಯದಿಂದ ಹೇಳಿದ್ದೇನೆ.

ಬಸ್ಸು

ಅವಳಿಗೆ ಸ್ಟಾಫ್ ಬಸ್ಸಿದೆ. ಎಸಿ ಬಸ್ಸು, ನಮ್ಮ ಹೌಸಿಂಗ್ ಸೊಸೈಟಿಯ ಗೇಟಿಗೇ ಬರುತ್ತದೆ. ನನಗೆ ಲೋಕಲ್ ಟ್ರೇನು. ಒಂದು ಸಂಜೆ ನಾನು ಅಂಗಿಯ ಗುಂಡಿ ಕಳೆದುಕೊಂಡು ಮನೆಗೆ ಬಂದರೆ, ಇವಳು ಸೀನುತ್ತಾ ಕೂತಿದ್ದಳು.

"ಬಸ್ಸಲ್ಲಿ ಏನು ಚಳಿ ಮಾರಾಯ್ರೇ! ನಾಳೆಯಿಂದ ಶಾಲು ಬೇಕು. ನಿಮಗೆ ಟ್ರೇನಲ್ಲಿ ಚಳಿಯಾಗುದಿಲ್ವಾ?"

"ಇಲ್ಲ," ಎಂದೆ. "ಡೊಂಬಿವಲಿಯಲ್ಲಿ ಹತ್ತಿದರೆ ಠಾಣೆಯವರೆಗೆ ನಾಲ್ಕು ಜನರನ್ನು ಹೊದ್ದುಕೊಂಡಿರುತ್ತೇನೆ."

ರಜೆ

ಇನ್ನೊಮ್ಮೆ ಬಹಳ ಚಿಂತೆಯಲ್ಲಿದ್ದಳು. ಏನೆಂದು ಕೇಳಿದರೆ, ರಜೆ ತೆಗೆದುಕೊಳ್ಳಲಿಲ್ಲವೆಂದು ಮೇಲಿನವರು ಬೈದರಂತೆ! ನಾನು ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ. ತೆಗೆದುಕೊಂಡದ್ದಕ್ಕಲ್ಲ, ತೆಗೆದುಕೊಳ್ಳದ್ದಕ್ಕೆ.

ಮರುದಿನ ನಮ್ಮ ಮ್ಯಾನೇಜರರಿಗೆ ಇದನ್ನು ಬೇಕೆಂದೇ ಹೇಳಿದೆ. ನಾಚಿಕೆಯಾಗಿ ನನಗೂ ಎರಡು ದಿನ ಕೊಟ್ಟಾರು ಎಂಬ ಆಸೆ. ಅವರು ಕಂಪ್ಯೂಟರಿನಿಂದ ಕಣ್ಣೆತ್ತಿ ಮೆಲ್ಲಗೆ ಹೇಳಿದರು: "ಅಲ್ಲಿ ಜಾಗ ಖಾಲಿಯಾದರೆ ತಿಳಿಸಿ. ನಿಮಗಲ್ಲ, ನನಗೆ."

ತಪಾಸಣೆ

ಸಿಬ್ಬಂದಿಯ ಮನೆಯವರಿಗೆಲ್ಲ ಅಲ್ಲಿ ವರ್ಷಕ್ಕೊಮ್ಮೆ ಪುಕ್ಕಟೆ ಆರೋಗ್ಯ ತಪಾಸಣೆ. ಮಗಳ ಜೊತೆ ನಾನೂ ಹೋದೆ. ಯೂನಿವರ್ಸಿಟಿಯ ಗೇಟು ದಾಟಿದ್ದೇ ಹೆಂಡತಿ ತೋರಿಸುತ್ತಾ ಬಂದಳು: ಇದು ಈಜುಕೊಳ, ಇದು ಜಿಮ್ಮು, ಇದು ಕ್ಯಾಂಟೀನು, ನಮಗೆ ಮಧ್ಯಾಹ್ನ ಅರ್ಧ ಬೆಲೆಗೆ ಊಟ. ಡಾಕ್ಟರು ನನ್ನ ಬಿಪಿ ನೋಡಿ ಗಾಬರಿಯಾದರು.

"ಮೊದಲಿನಿಂದಲೂ ಇಷ್ಟಿತ್ತಾ?"

ಡೊಂಬಿವಲಿಯಲ್ಲೇ ಹುಟ್ಟಿದ ನನ್ನ ಮಗಳು, ಕನ್ನಡ ಅರ್ಥವಾದರೂ ಹಿಂದಿಯಲ್ಲೇ ಉತ್ತರಿಸುವವಳು, ನನಗಿಂತ ಮೊದಲು ಬಾಯಿ ಹಾಕಿದಳು: "ನಹೀಂ ಡಾಕ್ಟರ್, ಗೇಟ್ ಕೆ ಬಾದ್ ಬಢಾ ಹೈ." ಗೇಟು ದಾಟಿದ ಮೇಲೆ ಏರಿದ್ದು ಎಂದರ್ಥ.

ಸಂದರ್ಶನ

ಕೊನೆಗೆ ಅಲ್ಲಿಯ ಅಕೌಂಟ್ಸ್ ವಿಭಾಗದಲ್ಲಿ ಒಂದು ಜಾಗ ಖಾಲಿಯಾಯಿತು. ಹೆಂಡತಿಗೆ ಹೇಳದೆ ಅರ್ಜಿ ಹಾಕಿದೆ. ಆಯ್ಕೆಯೂ ಆದೆ! ಎಚ್‌ಆರ್ ಮೇಡಂ ಮೈಸೂರಿನವರು, ನನ್ನ ಹೆಂಡತಿಯನ್ನು ಬಲ್ಲವರು. ಕೂರಿಸಿಕೊಂಡು ವಿವರಿಸಿದರು.

"ಇದು ಕಾಂಟ್ರ್ಯಾಕ್ಟ್ ಕೆಲಸ ಸಾರ್. ಬಸ್ಸಿಲ್ಲ, ರಜೆಯಿಲ್ಲ, ಮೆಡಿಕಲ್ಲಿಲ್ಲ. ಸೇರಿದ ಮೇಲೆ ನೀವೂ ಸ್ಟಾಫೇ ಆಗೋದ್ರಿಂದ, ಮನೆಯವರಿಗೆ ಅಂತ ಈಗ ಸಿಗ್ತಿರೋದೂ ನಿಂತುಹೋಗುತ್ತೆ."

"ಹಾಗಾದರೆ ಏನು ಮಾಡಲಿ?"

"ಈಗಿರೋ ಪೋಸ್ಟೇ ಚೆನ್ನಾಗಿದೆಯಲ್ಲ ಸಾರ್."

"ಠಾಣೆಯದ್ದಾ?"

"ಅಯ್ಯೋ, ಅಲ್ಲ. ಲೈಬ್ರರಿ ಮೇಡಂ ಗಂಡನ ಪೋಸ್ಟು. ಸೌಲಭ್ಯ ಎಲ್ಲಾ ಇದೆ, ಪರ್ಮನೆಂಟು ಬೇರೆ."

ಅರ್ಜಿ ವಾಪಸು ಪಡೆದು ಮನೆಗೆ ಬಂದು, ನಾಚಿಕೆ ಬಿಟ್ಟು ಎಲ್ಲವನ್ನೂ ಹೆಂಡತಿಗೆ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ. ಅವಳು ಗಂಭೀರವಾಗಿ ಕೇಳಿದಳು:

"ಪರ್ಮನೆಂಟ್ ಅಂತ ಅವ್ರಿಗೆ ಯಾರು ಹೇಳಿದ್ದು ಮಾರಾಯ್ರೇ? ನಾನಿನ್ನೂ ಕನ್ಫರ್ಮ್ ಮಾಡ್ಲಿಲ್ವಲ್ಲ!"