ಕೋವನ್ ಎಂಬ ಬಿರುದು

ಕೈಯಲ್ಲಿ ಕಸುಬಿದ್ದು ಸರ್ಟಿಫಿಕೇಟಿನ ಕಾಗದ ಇಲ್ಲದವನಿಗೆ ಟೊರೊಂಟೊದಲ್ಲಿ ದಿನಕ್ಕೊಂದು ಹೆಸರು ಬೀಳುತ್ತದೆ. ನಾನು ಧಾರವಾಡ ಕಡೆಯ ಗೌಂಡಿ. ಗೋಡೆ ಕಟ್ಟುವುದು ಮೂರು ತಲೆಮಾರಿನ ಕೆಲಸ. 2016ರಲ್ಲಿ ನನಗೆ ಬಿದ್ದ ಹೆಸರು ಕೋವನ್.

ಬಿರುದು

ಯೂನಿಯನ್‌ವಿಲ್‌ನ ಹಳೇ ಮನೆಯೊಂದರ ಹಿತ್ತಲಲ್ಲಿ ಸಿಮೆಂಟಿಲ್ಲದೆ, ಬರೀ ಕಲ್ಲಿಗೆ ಕಲ್ಲು ಹೊಂದಿಸಿ ಗೋಡೆ ಕಟ್ಟುತ್ತಿದ್ದೆ. ಫೋರ್‌ಮನ್ ಸ್ಕಾಟ್ಲೆಂಡಿನ ಮುದುಕ. ನೋಡಿ, "ನೀನು ಅಪ್ಪಟ ಕೋವನ್" ಅಂದ.

"ನನ್ನ ಹೆಸರು ಅದಲ್ಲ, ಸರ್."

"ಹೆಸರಲ್ಲಪ್ಪಾ. ನಮ್ಮ ಸ್ಕಾಟ್ಸ್ ಭಾಷೆಯ ಹಳೇ ಮಾತು. ಗಾರೆ ಇಲ್ಲದೆ ಗೋಡೆ ಕಟ್ಟುವವನು ಅಂತ."

ಹೆಂಡತಿ ಅವತ್ತೇ ಕನ್ನಡ ಬಳಗದ ವಾಟ್ಸಾಪ್ ಗ್ರೂಪಿಗೆ ಹಾಕಿದಳು: "ನಮ್ಮನಿಯವ್ರಿಗೆ ಕೋವನ್ ಬಿರುದು ಬಂದೈತ್ರಿ." ಗ್ರೂಪಿಗೆ ಗ್ರೂಪೇ ಅಭಿನಂದಿಸಿತು. ಹಾಗಂದ್ರೇನು ಅಂತ ಒಬ್ಬನೂ ಕೇಳಲಿಲ್ಲ.

ಸಂಶೋಧನೆ

ಕೇಳದೆಯೇ ಹೇಳುವವರು ಒಬ್ಬರಿದ್ದರು. ಎರಿನ್ ಮಿಲ್ಸ್‌ನ ಗೃಹಪ್ರವೇಶವೊಂದರಲ್ಲಿ ನಮ್ಮ ಬಳಗದ ಪಂಡಿತರು ಪಾಯಸದ ಬಟ್ಟಲು ಹಿಡಿದು ಘೋಷಿಸಿದರು: "ಅದು ಶುದ್ಧ ಹಳಗನ್ನಡ ಕಣ್ರೀ! ಕೋ ಅಂದ್ರೆ ಪೋಣಿಸು. ಕಲ್ಲು ಪೋಣಿಸುವವನು ಕೋವಂ!"

ಇದನ್ನು ಫೋರ್‌ಮನ್‌ಗೆ ಹೇಳಿದೆ. ಅವನೆಂದ: "ಆ ಮಾತು ಎಲ್ಲಿಂದ ಬಂತೋ ನಮ್ಮ ನಿಘಂಟಿನವರಿಗೇ ಗೊತ್ತಿಲ್ಲ. ನಿಮ್ಮವರಿಗೆ ಹೇಗೆ ಗೊತ್ತಾಯ್ತು?"

"ಎರಡನೇ ಬಟ್ಟಲು ಪಾಯಸದಲ್ಲಿ, ಸರ್."

ಹದಿನೈದು ಮೈಲಿ

ಮುಂದಿನ ಏಪ್ರಿಲ್‌ನಲ್ಲಿ ಮಗಳು ಲೈಬ್ರರಿಯಲ್ಲಿ ಹುಡುಕಿ ಬಂದು, "ಅಪ್ಪಾ, ಇಟ್ಸ್ ನಾಟ್ ಎ ಕಾಂಪ್ಲಿಮೆಂಟ್" ಅಂದಳು. ಮೇಸ್ತ್ರಿಗಳ ಸಂಘದಲ್ಲಿ ಪಳಗದೆ ಅವರ ಕೆಲಸಕ್ಕೆ ಕೈ ಹಾಕುವ ಅರೆಬರೆಯವನಿಗೂ ಹಿಂದೆ ಹಾಗೇ ಅನ್ನುತ್ತಿದ್ದರಂತೆ.

ಮರುದಿನ ಬೆಳಿಗ್ಗೆ ಫೋರ್‌ಮನ್ ಜೊತೆ ಜಗಳಕ್ಕೆಂದೇ ಹೋದೆ; ಅವನು ಯೂನಿಯನ್‌ವಿಲ್‌ನ ಆ ಹಳೇ ಮನೆಯ ಹತ್ತಿರ ಇದ್ದ. ಅಲ್ಲಿ ಬೇರೆಯೇ ರಂಪ. ಹಿಮ ಕರಗಿ, ಅದೇ ಮನೆಯ ಮುಂದೆ ಸರ್ಟಿಫಿಕೇಟಿನ ಮೇಸ್ತ್ರಿಯೊಬ್ಬ ಸಿಮೆಂಟ್ ಸುರಿದು ಕಟ್ಟಿದ್ದ ಗೋಡೆ ಅಂಗಾತ ಮಲಗಿತ್ತು. ಹಿತ್ತಲಲ್ಲಿ ನನ್ನದು ಕದಲಿರಲಿಲ್ಲ. ಮನೆಯೊಡತಿ ನನ್ನ ಕಡೆ ಕೈ ತೋರಿಸಿ, "ಇದನ್ನೂ ಇವನೇ ಕಟ್ಟಲಿ" ಅಂದಳು.

ಮೇಸ್ತ್ರಿ ಸೆಟೆದು ನಿಂತ. "ಇವನ ಹತ್ತಿರ ಕಾಗದವೇ ಇಲ್ಲ!"

"ನಿಜ," ಅಂದ ಫೋರ್‌ಮನ್. "ಇವನು ಕೋವನ್. ನಮ್ಮ ಕಡೆ ಹಳೇ ಕಟ್ಟಳೆಯೇ ಇತ್ತು: ಹದಿನೈದು ಮೈಲಿಯೊಳಗೆ ಕಲಿತ ಮೇಸ್ತ್ರಿ ಒಬ್ಬ ಸಿಕ್ಕರೂ ಕೋವನ್‌ಗೆ ಕೆಲಸ ಕೊಡಕೂಡದು."

ಮೇಸ್ತ್ರಿಯ ಮುಖ ಅರಳಿತು.

ಮುದುಕ ಬಿದ್ದ ಗೋಡೆ ನೋಡಿದ. ಪಕ್ಕದಲ್ಲೇ ನಿಂತಿದ್ದ ಮೇಸ್ತ್ರಿಯನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಹುಬ್ಬಿಗೆ ಕೈ ಅಡ್ಡ ಹಿಡಿದು ರಸ್ತೆಯ ಆ ತುದಿ, ಈ ತುದಿ ನೋಡಿದ.

"ಶುರು ಮಾಡಪ್ಪಾ," ಅಂದ ನನಗೆ. "ಮೇಸ್ತ್ರಿ ಯಾರೂ ಕಾಣ್ತಿಲ್ಲ."