ಮೋರಿಗೊಂದು ಸೇತುವೆ, ಮೇಷ್ಟ್ರಿಗೊಂದು ಏಣಿ

ಚುನಾವಣೆ ಬಂದಾಗಲೆಲ್ಲ ನಮ್ಮ ರಸ್ತೆಯಲ್ಲಿ ಯಾರಾದರೊಬ್ಬರಿಗೆ ದೇಶಸೇವೆಯ ಜ್ವರ ಬರುತ್ತದೆ. ಸಾಮಾನ್ಯವಾಗಿ ಮೂರು ದಿನಕ್ಕೆ ಇಳಿದುಹೋಗುತ್ತದೆ. ಹೋದ ಸಲ ಪಕ್ಕದ ಮನೆಯ ಮೇಷ್ಟ್ರಿಗೆ ಬಂದದ್ದು ಮಾತ್ರ ನಾಮಪತ್ರ ಹಾಕುವವರೆಗೂ ಹೋಯಿತು.

೧. ಹುಣಸೆಬೀಜ

ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರಾದವರು. ನಮ್ಮದು ರಾಜಾಜಿನಗರದ ಕಟ್ಟಕಡೆಯ ರಸ್ತೆ. ಅದರ ಅಂಚಿಗೆ ದೊಡ್ಡ ಮೋರಿ, ಮೋರಿಯಾಚೆ ಕುರುಬರಹಳ್ಳಿ. ಮಕ್ಕಳ ಸ್ಕೂಲು ಆಚೆ, ನಾನು ಟೈಪಿಂಗ್ ಕಲಿಸುವ ಇನ್‌ಸ್ಟಿಟ್ಯೂಟೂ ಆಚೆ. ಸುತ್ತಿಕೊಂಡು ಹೋದರೆ ಅರ್ಧ ಗಂಟೆ. ಹಾಗಾಗಿ ಎಲ್ಲರೂ ಕಲ್ಲಿನಿಂದ ಕಲ್ಲಿಗೆ ಹಾರಿಕೊಂಡೇ ದಾಟುತ್ತಿದ್ದೆವು. ಮಳೆಗಾಲದಲ್ಲಿ ಮೇಷ್ಟ್ರ ಮೊಮ್ಮಗಳು ಹಾಗೆ ಹಾರಲು ಹೋಗಿ ಬಿದ್ದು ಕೈ ಮುರಿದುಕೊಂಡಳು.

ಸೇತುವೆ ಬೇಡ ಎಂದವರು ಯಾರೂ ಇರಲಿಲ್ಲ. ಒಂದು ಪಕ್ಷದವರು ಅದು ಗಣಪತಿ ಗುಡಿಯ ಎದುರಿಗೆ ಬರಲಿ ಎಂದರು. ಅವರು ಹಾಗೆಂದರು ಎನ್ನುವ ಕಾರಣಕ್ಕೇ ಇನ್ನೊಂದು ಪಕ್ಷದವರು ರೇಷನ್ ಅಂಗಡಿಯ ಎದುರಿಗೇ ಬರಬೇಕು ಎಂದರು. ಎರಡಕ್ಕೂ ನಡುವೆ ಇಪ್ಪತ್ತು ಹೆಜ್ಜೆ. ಜಗಳ ವಿಧಾನಸೌಧಕ್ಕೆ ಹೋಯಿತು. ಅಲ್ಲಿ ಇವರು ಎದ್ದರೆ ಅವರು ಕೂಗಿದರು, ಅವರು ಎದ್ದರೆ ಇವರು ಹೊರಗೆ ನಡೆದರು. ಸಭೆ ಮುಂದಕ್ಕೆ ಹೋಯಿತು, ಸೇತುವೆಯೂ ಮುಂದಕ್ಕೆ ಹೋಯಿತು.

ಮೇಷ್ಟ್ರು ಲೆಕ್ಕ ಹಾಕಿದರು. "ನೋಡಮ್ಮಾ, ತಕ್ಕಡೀಲಿ ಎರಡು ತಟ್ಟೆನೂ ಸಮ ನಿಂತ್ರೆ ಮುಳ್ಳು ಅಲ್ಲಾಡೋದೇ ಇಲ್ಲ. ಒಂದು ಹುಣಸೆಬೀಜ ಹಾಕಿದ್ರೆ ಸಾಕು, ಒಂದು ಕಡೆ ಇಳಿದೇ ಇಳಿಯುತ್ತೆ. ನಾಲ್ಕು ಊರಿಂದ ನಾಲ್ಕು ಜನ ಪಕ್ಷೇತರರು ಗೆದ್ದು ಬಂದ್ರೆ ಇವರಿಬ್ರೂ ನಮ್ಮ ಮಾತು ಕೇಳಲೇಬೇಕು. ನಾನು ಆ ಹುಣಸೆಬೀಜ ಆಗ್ತೀನಿ."

ಒಳಗಿನಿಂದ ಅವರ ಹೆಂಡತಿ ಹೇಳಿದರು: "ಹುಣಸೆಬೀಜನ ಜನ ಎಲ್ಲಿಗೆ ಎಸೀತಾರೆ ಅಂತಲೂ ಸ್ವಲ್ಪ ಯೋಚ್ನೆ ಮಾಡಿ."

೨. ಒಮ್ಮತ

ನಾಮಪತ್ರಕ್ಕೆ ಸೂಚಕಿಯಾಗಿ ರುಜು ಹಾಕಿದವಳು ನಾನೇ. ಹಿಂತೆಗೆದುಕೊಳ್ಳುವ ಕೊನೆಯ ದಿನ ಬೆಳಿಗ್ಗೆ ಮೇಷ್ಟ್ರ ಮನೆಗೆ ಒಂದು ಪಕ್ಷದವರು ಬಂದರು. ಅವರು ಕಾಫಿ ಕುಡಿಯುತ್ತಿರುವಾಗಲೇ ಇನ್ನೊಂದು ಪಕ್ಷದವರೂ ಬಂದರು. ಮೇಷ್ಟ್ರ ಹೆಂಡತಿ ಎದುರುಬದುರು ಚಾಪೆ ಹಾಸಿದರು.

"ಸಾರ್, ದಯವಿಟ್ಟು ವಾಪಸ್ ತಗೊಳ್ಳಿ. ನೀವು ನಿಂತ್ರೆ ನಮ್ಮ ವೋಟು ಒಡೆಯುತ್ತೆ" ಎಂದರು ಮೊದಲು ಬಂದವರು.

"ಅವರದ್ದೇನ್ರೀ, ಒಡೆಯೋದು ನಮ್ಮದು!" ಎಂದರು ಆಮೇಲೆ ಬಂದವರು.

ಮೇಷ್ಟ್ರಿಗೆ ಖುಷಿಯಾಯಿತು. "ಇಬ್ಬರದ್ದೂ ಒಡೆಯೋ ಹಾಗಿದ್ರೆ ನಾನೇ ಗೆದ್ದುಬಿಡ್ತೀನಲ್ಲ?"

ಐದು ವರ್ಷ ವಿಧಾನಸೌಧದಲ್ಲಿ ಒಂದು ಮಾತಿಗೂ ಒಪ್ಪದ ಎರಡು ಪಕ್ಷಗಳು ನಮ್ಮ ಮೇಷ್ಟ್ರ ನಡುಮನೆಯಲ್ಲಿ ಒಂದೇ ದನಿಯಲ್ಲಿ ಹೇಳಿದವು: "ಅದಂತೂ ಸಾಧ್ಯವೇ ಇಲ್ಲ ಸಾರ್!"

೩. ಗುರುತು

ಪಕ್ಷೇತರರಿಗೆಂದು ಉಳಿದಿದ್ದ ಗುರುತುಗಳಲ್ಲಿ ಒಂಟೆ ಇತ್ತು, ಏಣಿ ಇತ್ತು. ಗುರುತನ್ನು ಬರೀ ಕಾಗದದಲ್ಲಿ ತೋರಿಸಿದರೆ ಜನರ ಮನಸ್ಸಿನಲ್ಲಿ ನಿಲ್ಲುವುದಿಲ್ಲ, ಕಣ್ಣಿಗೇ ಕಾಣಿಸಬೇಕು ಎನ್ನುವುದು ಮೇಷ್ಟ್ರ ಸಿದ್ಧಾಂತ. ಒಂಟೆ ಕಟ್ಟಲು ಮನೆಯಲ್ಲಿ ಜಾಗವಿರಲಿಲ್ಲ. ಆದ್ದರಿಂದ ಏಣಿ ತೆಗೆದುಕೊಂಡು, ಸುಣ್ಣ ಹೊಡೆಯುವವನ ಹತ್ತಿರ ಒಂದು ಬಿದಿರೇಣಿ ಕೇಳಿ ತಂದರು. ಮುಂದಿನ ತುದಿ ಅವರ ಹೆಗಲ ಮೇಲೆ, ಹಿಂದಿನ ತುದಿ ನನ್ನ ಹೆಗಲ ಮೇಲೆ. ಕರಪತ್ರದ ಚೀಲವೂ ನನ್ನದೇ.

ಯುಗಾದಿ ಹತ್ತಿರ ಬಂದಿತ್ತು. ಮೊದಲನೆಯ ಮನೆಯಾಕೆ ಏಣಿ ನೋಡಿ, "ಮೇಷ್ಟ್ರೇ, ಹೇಗೂ ತಂದಿದೀರಲ್ಲ, ಅಟ್ಟದ ಮೇಲಿರೋ ಕೊಳಗ ಇಳಿಸ್ಕೊಡ್ತೀರಾ?" ಎಂದರು. ಎರಡನೆಯ ಮನೆಯಲ್ಲಿ ಜೇಡರ ಬಲೆ. ಮೂರನೆಯ ಮನೆಯ ಯಜಮಾನರು ರೇಡಿಯೋದ ಏರಿಯಲ್ ಸರಿಮಾಡಲು ಹತ್ತಿದವರು ಇಳಿಯಲೇ ಇಲ್ಲ. ಕೆಳಗೆ ಏಣಿ ಹಿಡಿದುಕೊಂಡೇ ಮೇಷ್ಟ್ರು ಆಕಾಶಕ್ಕೆ ಭಾಷಣ ಮಾಡಿದರು. "ಕೇಳಿಸ್ತಾ ಇದೆ, ಹೇಳಿ ಹೇಳಿ. ಕೈ ಮಾತ್ರ ಬಿಡಬೇಡಿ" ಎಂದು ಮೇಲಿನಿಂದ ಉತ್ತರ ಬಂತು.

ಮಾರನೆಯ ದಿನ ಬೆಳಿಗ್ಗೆ ಕಾಫಿಗೆ ಮುಂಚೆಯೇ ಹಿಂದಿನ ರಸ್ತೆಯಾಕೆ ಗೇಟಿನ ಹತ್ತಿರ ನಿಂತಿದ್ದರು.

"ಇವತ್ತು ಪ್ರಚಾರ ನಮ್ಮ ಕಡೆಗೆ ತಾನೆ?"

"ಹೌದಮ್ಮಾ, ಹತ್ತು ಗಂಟೆಗೆಲ್ಲ ಬರ್ತೀನಿ" ಎಂದರು ಮೇಷ್ಟ್ರು.

"ಬಿಸಿಲಲ್ಲಿ ನೀವ್ಯಾಕೆ ಬರ್ತೀರಿ ಪಾಪ? ಏಣಿ ಒಂದು ಕಳಿಸಿ ಸಾಕು."

೪. ಬಹಿರಂಗ ಸಭೆ

ಗಣಪತಿ ಗುಡಿಯ ಮುಂದೆ ಸಭೆ ಏರ್ಪಾಡಾಯಿತು. ಮೇಷ್ಟ್ರು ಮೈಕು ಬೇಡವೆಂದರು, ಕಪ್ಪು ಹಲಗೆ ತರಿಸಿದರು. ಐದೂವರೆ ಎಂದರೆ ಐದೂವರೆಗೆ ಸರಿಯಾಗಿ ಸೀಮೆಸುಣ್ಣ ಎತ್ತಿಕೊಂಡು ಎರಡು ಪಕ್ಷಗಳನ್ನು ಎರಡು ಬಾಣಗಳಾಗಿ ಬರೆದರು. ಜನ ಚೆನ್ನಾಗಿಯೇ ಕೇಳುತ್ತಿದ್ದರು. ಆರು ಗಂಟೆಗೆ ಮಾರೇನಹಳ್ಳಿ ಕಡೆಯಿಂದ ಇಪ್ಪತ್ತು ಮೂವತ್ತು ಜನರ ಒಂದು ಗುಂಪು ಬಂತು. ಅಷ್ಟೂ ವೋಟು ನಮ್ಮದೇ ಎಂದು ನಾನು ಎದ್ದು ಜಾಗ ಮಾಡಿಕೊಟ್ಟೆ.

ಮೇಷ್ಟ್ರು ಹಲಗೆಯಿಂದ ತಿರುಗಿ ನೋಡಿದರು. "ಗಂಟೆ ಎಷ್ಟು?"

ಗುಂಪಿನ ಮುಂದಿದ್ದವನೊಬ್ಬ ಕೈಗಡಿಯಾರ ನೋಡಿ, "ಆರು ಸಾರ್" ಎಂದ.

"ಅರ್ಧ ಗಂಟೆ ಲೇಟು. ಹೊರಗೆ ನಿಂತ್ಕೊಳ್ಳಿ!"

"ಮೇಷ್ಟ್ರೇ, ಇವರು ಮತದಾರರು" ಎಂದು ನಾನು ಮೆಲ್ಲಗೆ ಹೇಳಿದೆ.

"ಯಾರಾದ್ರೇನಮ್ಮಾ, ಟೈಮು ಟೈಮೇ."

ಬಯಲಿನಲ್ಲಿ ಹೊರಗೆ ಎಂದರೆ ಎಲ್ಲಿ ಎಂದು ತಿಳಿಯದೆ ಗುಂಪು ಅತ್ತಿತ್ತ ನೋಡಿ ಮನೆಗೆ ಹೋಯಿತು. ಬಂದೋಬಸ್ತಿಗೆ ಬಂದಿದ್ದ ಪೊಲೀಸಪ್ಪ ಮಾತ್ರ ಗುಡಿಯ ಗೋಡೆಗೆ ಮುಖ ಮಾಡಿ ನಿಂತುಕೊಂಡಿದ್ದ. ಆಮೇಲೆ ವಿಚಾರಿಸಿದರೆ, ಅವನೂ ಹತ್ತು ನಿಮಿಷ ಲೇಟಾಗಿ ಬಂದಿದ್ದನಂತೆ. ಹೈಸ್ಕೂಲಿನಲ್ಲಿ ಮೇಷ್ಟ್ರ ಶಿಷ್ಯ.

೫. ಉದ್ಘಾಟನೆ

ಮೇಷ್ಟ್ರು ಸೋತರು. ಠೇವಣಿಯೂ ಉಳಿಯಲಿಲ್ಲ. ಎರಡು ದಿನ ಜಗಲಿಗೂ ಬರಲಿಲ್ಲ. "ಮಗು ಮತ್ತೆ ಆ ಕಲ್ಲು ಹಾರ್ಕೊಂಡೇ ಸ್ಕೂಲಿಗೆ ಹೋಗ್ಬೇಕಲ್ಲಮ್ಮಾ" ಎಂದಷ್ಟೇ ನನಗೆ ಹೇಳಿದರು.

ಮೂರನೆಯ ದಿನ ಪೇಪರಿನಲ್ಲಿ ವೋಟಿನ ಪಟ್ಟಿ ಬಂತು. ಕಳೆಯುವ ಲೆಕ್ಕ ಮಾಡಿ ನೋಡಿದಾಗ, ಗೆದ್ದವರಿಗೂ ಸೋತವರಿಗೂ ಇದ್ದ ಅಂತರಕ್ಕಿಂತ ಮೇಷ್ಟ್ರಿಗೆ ಬಿದ್ದ ವೋಟೇ ಹೆಚ್ಚಾಗಿತ್ತು. ಈ ಲೆಕ್ಕ ಎರಡೂ ಪಕ್ಷಗಳಿಗೆ ಬರುತ್ತಿತ್ತು. ಮುಂದಿನ ಸಲ ಈ ಮುದುಕ ನಿಲ್ಲಬಾರದು ಎಂದು ಗೆದ್ದವರು ಗುಡಿಯ ಎದುರು ಕೆಲಸ ಶುರುಮಾಡಿಸಿದರು. ಆ ವೋಟೆಲ್ಲ ಅವರಿಗೇ ಹೋಗಿಬಿಟ್ಟರೆ ಎಂದು ಸೋತವರು ಚಂದಾ ಎತ್ತಿ ರೇಷನ್ ಅಂಗಡಿಯ ಎದುರು ಶುರುಮಾಡಿದರು. ಮಳೆಗಾಲದ ಹೊತ್ತಿಗೆ, ಒಂದೂ ಇಲ್ಲದ ಮೋರಿಗೆ ಇಪ್ಪತ್ತು ಹೆಜ್ಜೆ ಅಂತರದಲ್ಲಿ ಎರಡು ಸೇತುವೆ!

ಉದ್ಘಾಟನೆಯೂ ಒಂದೇ ದಿನ. ಟೇಪು ಕತ್ತರಿಸಲು ಇಬ್ಬರೂ ಮೇಷ್ಟ್ರನ್ನೇ ಕರೆದರು. ಗುಡಿಯ ಎದುರಿನದನ್ನು ಅವರು ಮೊದಲು ಕತ್ತರಿಸಿದರು, ಮೊಮ್ಮಗಳ ಕೈ ಹಿಡಿದು ದಾಟಿದರು. ರೇಷನ್ ಅಂಗಡಿಯ ಹತ್ತಿರ ವಾಲಗದವರು, ಹಾರ, ಟೇಪು ಎಲ್ಲವೂ ಈಚೆಯ ದಡದಲ್ಲಿ ಕಾಯುತ್ತಿದ್ದವು. ಆದರೆ ಆಚೆಗೆ ಹೋದ ಮೇಷ್ಟ್ರು, ಮತ್ತೆ ಅದೇ ಸೇತುವೆಯಲ್ಲಿ ಬಂದರೆ ಆ ಪಕ್ಷಕ್ಕೆ ಎರಡು ಸಲ ಆಗುತ್ತದೆ, ನ್ಯಾಯವಲ್ಲ ಎಂದುಕೊಂಡು ಎರಡನೆಯ ಸೇತುವೆಯ ಮೇಲೆ ಆಚೆಯಿಂದಲೇ ಈಚೆಗೆ ಬಂದರು. ಮೇಷ್ಟ್ರೇ ಹೋದ ಮೇಲೆ ದಾರಿ ತೆರೆಯಿತು ಎಂದುಕೊಂಡು ಕುರುಬರಹಳ್ಳಿಯ ಗೌಡರೊಬ್ಬರು ತಮ್ಮ ಎಮ್ಮೆಯನ್ನೂ ಹಿಂದೆಯೇ ಬಿಟ್ಟರು.

ಮೇಷ್ಟ್ರು ಟೇಪಿನ ಹತ್ತಿರ ನಿಂತು ಕತ್ತರಿಗೆ ಜೇಬು ತಡಕುತ್ತಿದ್ದರು. ಎಮ್ಮೆ ಕಾಯಲಿಲ್ಲ. ಅವರ ಪಕ್ಕದಿಂದಲೇ ನುಗ್ಗಿ, ಟೇಪನ್ನು ಕೊಂಬಿಗೆ ಸುತ್ತಿಕೊಂಡು, ವಾಲಗದವರ ನಡುವೆ ಇಳಿಯಿತು.

"ಯಾರದ್ರೀ ಇದು ಎಮ್ಮೆ? ಗೊತ್ತು ನನಗೆ, ಅವರ ಪಾರ್ಟಿಯವರೇ ಬಿಟ್ಟಿರೋದು!" ಎಂದು ಹಾರ ಹಿಡಿದಿದ್ದ ಮುಖಂಡರು ಕೂಗಿದರು.

ಗೌಡರು ಸೇತುವೆಯ ಮೇಲಿನಿಂದಲೇ ಕೈಮುಗಿದರು. "ಅದು ಯಾವ ಪಾರ್ಟಿದೂ ಅಲ್ಲ ಸ್ವಾಮಿ. ತನ್ ಪಾಡಿಗೆ ತಾನು ಮೇಯೋಕ್ ಹೊಂಟೈತೆ."

ಮೇಷ್ಟ್ರು ಆಗ ತಾನೇ ಕೈಗೆ ಸಿಕ್ಕಿದ್ದ ಕತ್ತರಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

"ಹಾಗಾದ್ರೆ ನಮ್ಮೋರೇ. ಬಿಡಿ, ದಾರಿ ಬಿಡಿ."